‘ಆಯಿತು’ ಮತ್ತು ‘ಮಾಡಿಸಿದರು’: ಸವಿತಾ ಹಾಲಪ್ಪನವರ ಪ್ರಕರಣ

ನಮ್ಮ ಮನೆಗಳಲ್ಲಿ ‘ಅಬಾರ್ಷನ್’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಬಸಿರು ತಾನಾಗಿ ಇಳಿದರೂ ಅಬಾರ್ಷನ್ನೇ, ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡರೂ ಅಬಾರ್ಷನ್ನೇ. ಆದರೂ ಯಾರಿಗೂ ಗೊಂದಲವಾಗುವುದಿಲ್ಲ, ಕ್ರಿಯಾಪದ ಎಲ್ಲವನ್ನೂ ಹೇಳಿಬಿಡುತ್ತದೆ. ಬೆಳಗಾವಿ ಕಡೆ ‘ಆಕಿಗೆ ಅಬಾರ್ಷನ್ ಆತಂತ’ ಎಂದರೆ ಕೇಳಿದವರು ‘ಅಯ್ಯ, ಪಾಪ’ ಅನ್ನುತ್ತಾರೆ. ‘ಮಾಡಿಸ್ಕೊಂಡಾಳಂತ’ ಎಂದರೆ ದನಿ ತಗ್ಗುತ್ತದೆ, ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಮೊದಲನೆಯದು ದುಃಖ, ಎರಡನೆಯದು ಗುಟ್ಟು.

ಬೆಳಗಾವಿಯಲ್ಲೇ ಬೆಳೆದ, ಅಲ್ಲೇ ದಂತವೈದ್ಯಕೀಯ ಓದಿದ ಹೆಣ್ಣುಮಗಳೊಬ್ಬಳು 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಸಿಕ್ಕಿಕೊಂಡಳು. ಅವಳ ಬಸಿರು ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಆ ದೇಶದ ಕಾನೂನಿನ ಪ್ರಕಾರ ಅದು ತಾನಾಗಿ ‘ಆಗಬೇಕಿತ್ತು’, ಯಾರೂ ‘ಮಾಡುವಂತಿರಲಿಲ್ಲ’. ಕಾದರು. ಅಷ್ಟರಲ್ಲಿ ನಂಜು ಏರಿತು. ಸವಿತಾ ಹಾಲಪ್ಪನವರ ತೀರಿಕೊಂಡಾಗ ಅವರಿಗೆ 31 ವರ್ಷ.

ಈ ಸಾವಿನ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಆಗ ಸಾಕಷ್ಟು ಬಂತು, ಆದರೆ ಹೆಚ್ಚಿನದು ‘ಕ್ರೈಸ್ತ ದೇಶದಲ್ಲಿ ನಮ್ಮ ಹುಡುಗಿಗೆ ಅನ್ಯಾಯ’ ಎಂಬ ಧಾಟಿಯಲ್ಲಿತ್ತು. ಅನ್ಯಾಯವೇನೋ ನಿಜ, ಆದರೆ ಆ ಆಸ್ಪತ್ರೆಯ ಕೋಣೆಯಲ್ಲಿ ಗಂಟೆಗಂಟೆಗೆ ಏನಾಯಿತು ಎಂದು ನೋಡದೆ ಅದರ ಸ್ವರೂಪ ಅರ್ಥವಾಗುವುದಿಲ್ಲ. ಮೂರು ಅಧಿಕೃತ ವಿಚಾರಣೆಗಳು ನಡೆದದ್ದರಿಂದ ಆ ದಿನಗಳ ಲೆಕ್ಕ ಅಪರೂಪವೆನಿಸುವಷ್ಟು ವಿವರವಾಗಿ ಉಳಿದಿದೆ.

ಭಾನುವಾರದಿಂದ ಬುಧವಾರ

ಅಕ್ಟೋಬರ್ 21, ಭಾನುವಾರ. ಸವಿತಾಗೆ 17 ವಾರ. ಮೊದಲ ಬಸಿರು, ಬೇಕೆಂದೇ ಬಯಸಿದ್ದು. ಗಂಡ ಪ್ರವೀಣ್ ಗಾಲ್ವೇಯಲ್ಲಿ ಎಂಜಿನಿಯರ್. ಮಗಳನ್ನು ನೋಡಲು ಬೆಳಗಾವಿಯಿಂದ ಬಂದಿದ್ದ ತಂದೆತಾಯಿ ಆ ವಾರವೇ ಊರಿಗೆ ಮರಳುವವರಿದ್ದರು. ಸೊಂಟನೋವೆಂದು ಬೆಳಿಗ್ಗೆ ಯೂನಿವರ್ಸಿಟಿ ಹಾಸ್ಪಿಟಲ್ ಗಾಲ್ವೇಗೆ ಹೋದರೆ ನೋಡಿ ಮನೆಗೆ ಕಳಿಸಿದರು. ಏನೋ ಕೆಳಗೆ ಜಾರಿದಂತಾಗುತ್ತಿದೆ ಎಂದು ಮಧ್ಯಾಹ್ನ ಮತ್ತೆ ಬಂದರು. ಈ ಸಲ ಪರೀಕ್ಷಿಸಿದ ವೈದ್ಯರು ಗರ್ಭಸ್ರಾವ ತಪ್ಪಿಸಲು ಸಾಧ್ಯವಿಲ್ಲ ಎಂದರು. ಒಳರೋಗಿಯಾಗಿ ಸೇರಿಸಿಕೊಂಡರು. ಅವತ್ತು ತೆಗೆದ ರಕ್ತದಲ್ಲಿ ಬಿಳಿರಕ್ತಕಣಗಳ ಎಣಿಕೆ 16.9 ಬಂದಿತ್ತು. ಎಲ್ಲೋ ಸೋಂಕಿರಬಹುದು ಎಂದು ಎಚ್ಚರಿಸುವ ಅಂಕಿ ಅದು. ಆದರೆ ಅದರ ಬೆನ್ನು ಹತ್ತಿ ಯಾರೂ ಹೋಗಲಿಲ್ಲ.

ಅದೇ ರಾತ್ರಿ ಹನ್ನೆರಡು ದಾಟಿದ ಮೇಲೆ ಗರ್ಭನೀರಿನ ಚೀಲ ಒಡೆಯಿತು. ನಮ್ಮ ಕಡೆಯ ಹಳೆಯ ಸೂಲಗಿತ್ತಿಯರಿಗೂ ಗೊತ್ತಿದ್ದ ಮಾತಿದು: ನೀರು ಹೋದ ಮೇಲೆ ಕೂಸು ಒಳಗೆ ಉಳಿದಷ್ಟು ಹೊತ್ತೂ ನಂಜಿನ ಭಯ. ಹದಿನೇಳನೇ ವಾರದಲ್ಲಿ ಹೊರಬಂದ ಭ್ರೂಣ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಬದುಕುವುದಿಲ್ಲ. ಸೋಮವಾರ ಸ್ಕ್ಯಾನ್ ಮಾಡಿದಾಗ ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ಕಾದು ನೋಡುವುದೆಂದು ನಿರ್ಧರಿಸಿ, ರಾತ್ರಿ ಬಾಯಿಂದ ಕೊಡುವ ಆ್ಯಂಟಿಬಯೋಟಿಕ್ ಶುರು ಮಾಡಿದರು.

ಹೇಗೂ ಉಳಿಯುವುದಿಲ್ಲ ಎಂದ ಮೇಲೆ ಇದನ್ನು ಬೇಗ ಮುಗಿಸಿಬಿಡಿ ಎಂದು ಸವಿತಾ ಕೇಳಿದರು. ಗಂಡ ಹೇಳುವಂತೆ ಸೋಮವಾರವೂ ಕೇಳಿದ್ದರು, ಚಿಕಿತ್ಸೆಯ ಹೊಣೆ ಹೊತ್ತಿದ್ದ ಹಿರಿಯ ವೈದ್ಯೆ ಹೇಳುವಂತೆ ಕೇಳಿದ್ದು ಮಂಗಳವಾರ. ಉತ್ತರದ ಬಗ್ಗೆ ಮಾತ್ರ ತಕರಾರಿಲ್ಲ. ಭ್ರೂಣದ ಹೃದಯ ಬಡಿಯುತ್ತಿದೆ, ತಾಯಿಯ ಜೀವಕ್ಕೆ ಅಪಾಯವಿದ್ದಂತೆ ಕಾಣುತ್ತಿಲ್ಲ, ಆದ್ದರಿಂದ ಐರ್ಲೆಂಡಿನ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ವೈದ್ಯೆ ಹೇಳಿದರು. ಸೂಲಗಿತ್ತಿ ದಾದಿಯೊಬ್ಬರು ಮಾತಿನ ನಡುವೆ ಇದೆಲ್ಲ ಕ್ಯಾಥೊಲಿಕ್ ಪದ್ಧತಿಯಿಂದ ಬಂದದ್ದು ಎಂದರು. ಆ ಮಾತು ಆಮೇಲೆ ಜಗತ್ತಿನ ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ನೋಯಿಸಲು ಹೇಳಿದ್ದಲ್ಲ, ಹಿನ್ನೆಲೆ ತಿಳಿಸಲು ಹೇಳಿದ್ದು ಎಂದು ಆಕೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನನಗೆ ಆ ದಾದಿಯ ಮೇಲೆ ಸಿಟ್ಟಿಲ್ಲ. ಅಷ್ಟು ಜನ ಕೋಟು ಹಾಕಿಕೊಂಡವರ ನಡುವೆ ಕಾನೂನಿನ ಬೇರು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿದ್ದು ಆಕೆಯೊಬ್ಬರೇ.

ಮಂಗಳವಾರ ಸಂಜೆ ಏಳಕ್ಕೆ ಸವಿತಾರ ನಾಡಿಬಡಿತ ನಿಮಿಷಕ್ಕೆ 114. ಬುಧವಾರ ನಸುಕಿನ ನಾಲ್ಕೂಕಾಲಿನ ಸುಮಾರಿಗೆ ಚಳಿ, ನಡುಕ. ಕೋಣೆ ತಣ್ಣಗಿದೆ ಎಂದುಕೊಂಡು ಕಂಬಳಿ ಹೊದಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಆರೂವರೆಗೆ ಜ್ವರ 39.6 ಡಿಗ್ರಿ ಸೆಲ್ಸಿಯಸ್, ನಾಡಿ 160, ಜೊತೆಗೆ ದುರ್ವಾಸನೆಯ ಸ್ರಾವ. ನಂಜಿನ ಇದಕ್ಕಿಂತ ಸ್ಪಷ್ಟ ಗುರುತು ಬೇಕೆ? ಕಿರಿಯ ವೈದ್ಯರು ಅದನ್ನು ಬರೆದಿಟ್ಟರು. ಎರಡು ಗಂಟೆಯೊಳಗೆ ರೌಂಡ್ಸಿಗೆ ಬಂದ ಹಿರಿಯ ವೈದ್ಯೆಗೆ ದುರ್ವಾಸನೆಯ ವಿಷಯ ತಲುಪಲೇ ಇಲ್ಲ, ಅವರು ರಾತ್ರಿಯ ಟಿಪ್ಪಣಿಗಳನ್ನು ಓದಿಯೂ ಇರಲಿಲ್ಲ. ಆಗಲೇ ಗೊತ್ತಾಗಿದ್ದರೆ ಇನ್ನೂ ಮುಂಚೆ ಕ್ರಮ ಕೈಗೊಳ್ಳುತ್ತಿದ್ದೆ ಎಂದು ಅವರೇ ಆಮೇಲೆ ಸಾಕ್ಷಿ ನುಡಿದರು.

ಮಧ್ಯಾಹ್ನ ಒಂದರ ಹೊತ್ತಿಗೆ ಸೆಪ್ಟಿಕ್ ಶಾಕ್, ಎಂದರೆ ನಂಜೇರಿ ರಕ್ತದೊತ್ತಡ ಕುಸಿಯುವ ಸ್ಥಿತಿ. ಇನ್ನು ಹೃದಯಬಡಿತ ಇರಲಿ ಬಿಡಲಿ ಗರ್ಭವನ್ನು ತೆಗೆಯಲೇಬೇಕು ಎಂದು ವೈದ್ಯೆ ನಿಶ್ಚಯಿಸಿದರು, ಸಹೋದ್ಯೋಗಿಯೊಬ್ಬರ ಅಭಿಪ್ರಾಯವನ್ನೂ ಕೇಳಿದರು. ಮೂರು ಗಂಟೆಯ ಸುಮಾರಿಗೆ ಆಪರೇಷನ್ ಥಿಯೇಟರಿನಲ್ಲಿ ಬೇರೆ ಚಿಕಿತ್ಸೆಗೆ ಸಿದ್ಧತೆ ನಡೆಯುತ್ತಿದ್ದಾಗಲೇ ಗರ್ಭ ತಾನಾಗಿ ಇಳಿಯಿತು. ಕೊನೆಗೂ ಅದು ‘ಆಯಿತು’. ‘ಮಾಡುವ’ ಪ್ರಸಂಗ ಬರಲೇ ಇಲ್ಲ. ಸವಿತಾರನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಇ. ಕೋಲೈ ಬ್ಯಾಕ್ಟೀರಿಯಾ ರಕ್ತದಲ್ಲಿ ಹರಡಿ ಒಂದೊಂದೇ ಅಂಗ ಸೋತಿತು. ಅಕ್ಟೋಬರ್ 28, ಭಾನುವಾರ, ಬೆಳಗಿನ ಜಾವ ಒಂದು ಗಂಟೆ ಒಂಬತ್ತು ನಿಮಿಷಕ್ಕೆ ಪ್ರಾಣ ಹೋಯಿತು.

ಸುದ್ದಿ ಹೊರಬಿದ್ದದ್ದು ನವೆಂಬರ್ 14ರಂದು, ಐರಿಷ್ ಟೈಮ್ಸ್ ಪತ್ರಿಕೆಯಲ್ಲಿ. ನಮ್ಮಲ್ಲಿ ಅಂದು ಬಲಿಪಾಡ್ಯಮಿ. ಹಣೆಗೆ ಬಿಂದಿ ಇಟ್ಟುಕೊಂಡು ನಗುತ್ತಿರುವ ಸವಿತಾರ ಫೋಟೊ ಆ ವಾರವೇ ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಕೈಗಳಲ್ಲಿತ್ತು.

ಕಾನೂನಿನ ಗೆರೆ ಎಲ್ಲಿತ್ತು

ಐರ್ಲೆಂಡಿನಲ್ಲಿ ಗರ್ಭಪಾತ ಅಪರಾಧವಾದದ್ದು 1861ರ ಬ್ರಿಟಿಷ್ ಕಾಯ್ದೆಯಿಂದ, ಶಿಕ್ಷೆ ಜೀವಾವಧಿಯವರೆಗೆ. ಅದೇ ಕಾಲದ ಅಚ್ಚಿನಿಂದ ಬಂದದ್ದೇ 2024ರವರೆಗೆ ಜಾರಿಯಲ್ಲಿದ್ದ ನಮ್ಮ 1860ರ ದಂಡಸಂಹಿತೆಯ 312ನೇ ಕಲಂ. ಎರಡರ ಭಾಷೆಯೂ ಸ್ವಾರಸ್ಯಕರ. ಅಪರಾಧವನ್ನು ಎರಡೂ ಹೆಚ್ಚುಕಡಿಮೆ ‘ಗರ್ಭಸ್ರಾವವಾಗುವಂತೆ ಮಾಡುವುದು’ ಎಂದೇ ಕರೆಯುತ್ತಿದ್ದವು. ತಾನಾಗಿ ಆಗಬೇಕಾದ್ದನ್ನು ಕೈಯಾರೆ ಮಾಡುವುದೇ ಅಲ್ಲಿನ ತಪ್ಪು.

1983ರ ಸೆಪ್ಟೆಂಬರಿನಲ್ಲಿ ಐರಿಷ್ ಜನ ಶೇಕಡಾ 66.9 ಮತಗಳಿಂದ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದರು. ಹುಟ್ಟದ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂಬುದು ಅದರ ತಿರುಳು. 1992ರಲ್ಲಿ ಅತ್ಯಾಚಾರಕ್ಕೊಳಗಾದ 14 ವರ್ಷದ ಬಾಲಕಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ತಾಯಿಯ ಜೀವಕ್ಕೆ ನೈಜವಾದ ಗಣನೀಯ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದಿತು. ಆದರೆ ಅದಕ್ಕೊಂದು ಕಾಯ್ದೆ ಮಾಡುವ ಧೈರ್ಯ ಇಪ್ಪತ್ತು ವರ್ಷ ಯಾವ ಸರ್ಕಾರಕ್ಕೂ ಬರಲಿಲ್ಲ. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಅಸ್ಪಷ್ಟತೆಯನ್ನೇ ಎತ್ತಿ ತೋರಿಸಿ ಐರ್ಲೆಂಡಿನ ವಿರುದ್ಧ ತೀರ್ಪು ಕೊಟ್ಟಿತ್ತು. ಆಗಲೂ ಕಡತ ಮುಂದೆ ಸರಿಯಲಿಲ್ಲ. ಆ ದೇಶ ಹೆಂಗಸರ ಸಂಕಟವನ್ನು ಸಮುದ್ರದಾಚೆ ಕಳಿಸಿ ನೆಮ್ಮದಿಯಾಗಿತ್ತು: 2016ರ ಒಂದೇ ವರ್ಷದಲ್ಲಿ ಐರಿಷ್ ವಿಳಾಸ ಕೊಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡವರು 3,265 ಮಂದಿ.

ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ಕಾನೂನು ಕೊಟ್ಟಿದ್ದು ‘ಜೀವಕ್ಕೆ ಅಪಾಯ’ ಎಂಬ ಒಂದೇ ಅಳತೆಗೋಲು. ‘ಆರೋಗ್ಯಕ್ಕೆ ಅಪಾಯ’ ಸಾಲುತ್ತಿರಲಿಲ್ಲ. ಕಾಗದದ ಮೇಲೆ ಎರಡೂ ಬೇರೆಬೇರೆ. ಆದರೆ ನೀರು ಹೋದ ಹೆಣ್ಣಿನ ಮೈಯಲ್ಲಿ ಆರೋಗ್ಯದ ಅಪಾಯ ಎಷ್ಟು ಗಂಟೆಗೆ ಜೀವದ ಅಪಾಯವಾಗುತ್ತದೆ ಎಂದು ಯಾವ ಥರ್ಮಾಮೀಟರ್ ಹೇಳೀತು? ಮಂಗಳವಾರ ಬೆಳಿಗ್ಗೆ ‘ಇನ್ನೂ ಅಪಾಯವಿಲ್ಲ’ ಎಂಬುದು ಬುಧವಾರ ಮಧ್ಯಾಹ್ನ ‘ಈಗ ತಡವಾಯಿತು’ ಎಂದಾಯಿತು. ನಡುವೆ ಸಿಕ್ಕ ಅವಕಾಶ ಕೆಲವೇ ಗಂಟೆಗಳದ್ದು. ಅದನ್ನು ಹಿಡಿಯಬೇಕಾದವರ ಕಣ್ಣು ಆಗ ಬೇರೆಲ್ಲೋ ಇತ್ತು.

ಕಾನೂನೋ, ನಿರ್ಲಕ್ಷ್ಯವೋ

ಸವಿತಾ ಪ್ರಕರಣದ ವಾದವೆಲ್ಲ ಈ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಗರ್ಭಪಾತವನ್ನು ವಿರೋಧಿಸುವವರು ಹೇಳುವುದನ್ನು ತಳ್ಳಿಹಾಕುವಂತಿಲ್ಲ. ಸವಿತಾರನ್ನು ಕೊಂದದ್ದು ನಂಜು, ಕಾನೂನಲ್ಲ ಎನ್ನುತ್ತಾರೆ ಅವರು. ರಕ್ತಪರೀಕ್ಷೆಯ ವರದಿ ನೋಡಲಿಲ್ಲ, ನಾಲ್ಕು ಗಂಟೆಗೊಮ್ಮೆ ಮಾಡಬೇಕಾದ ತಪಾಸಣೆ ಮಾಡಲಿಲ್ಲ, ಟಿಪ್ಪಣಿ ಓದಲಿಲ್ಲ. ಅಪಾಯ ಕಂಡಾಗ ಗರ್ಭ ತೆಗೆಯಲು ಅಂದಿನ ಕಾನೂನಿನಲ್ಲೂ ಅವಕಾಶವಿತ್ತು, ವೈದ್ಯೆ ಬುಧವಾರ ಹಾಗೆಯೇ ನಿರ್ಧರಿಸಿದ್ದರಲ್ಲ? ಒಂದು ಆಸ್ಪತ್ರೆಯ ಎಡವಟ್ಟನ್ನು ಹಿಡಿದು ಒಂದು ಸಂವಿಧಾನವನ್ನೇ ಉರುಳಿಸಿದಿರಿ ಎಂಬುದು ಅವರ ದೂರು.

ವಿಚಾರಣೆಗಳಲ್ಲಿ ಈ ವಾದಕ್ಕೆ ಪುಷ್ಟಿ ಸಿಗುತ್ತದೆ. 2013ರ ಏಪ್ರಿಲ್ 19ರಂದು ಗಾಲ್ವೇಯ ಮರಣ ವಿಚಾರಣಾಧಿಕಾರಿ ಕಿಯರನ್ ಮೆಕ್‌ಲಾಕ್ಲಿನ್ ಅವರ ಮುಂದೆ ಜ್ಯೂರಿ ಸರ್ವಾನುಮತದಿಂದ ಇದು ವೈದ್ಯಕೀಯ ಅವಘಡ ಎಂದಿತು. ಆ ವರ್ಷದ ಅಕ್ಟೋಬರಿನಲ್ಲಿ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ, ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ಇಷ್ಟೇ ಇದ್ದಿದ್ದರೆ ಇದು ಆಸ್ಪತ್ರೆ ಆಡಳಿತದ ಪಾಠವಾಗಿ ಮುಗಿಯುತ್ತಿತ್ತು.

ಆದರೆ ಅದೇ ಮರಣ ವಿಚಾರಣೆಯಲ್ಲಿ ಸಾಕ್ಷಿ ನುಡಿದ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್, ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಸವಿತಾ ಬದುಕಿರುವ ಸಂಭವವೇ ಹೆಚ್ಚು ಎಂದರು. ಆದರೆ ಆ ಎರಡು ದಿನ ಹಾಗೆ ಮಾಡಲು ಕಾನೂನಿನಲ್ಲಿ ದಾರಿ ಇರಲಿಲ್ಲ, ದಾರಿ ತೆರೆಯುವ ಹೊತ್ತಿಗೆ ಕಾಲ ಮೀರಿತ್ತು ಎಂದೂ ಹೇಳಿದರು. ಪ್ರೊಫೆಸರ್ ಸಬಾರತ್ನಂ ಅರುಳ್‌ಕುಮಾರನ್ ನೇತೃತ್ವದ ತಂಡ 2013ರ ಜೂನ್‌ನಲ್ಲಿ ಕೊಟ್ಟ ವರದಿ ಇನ್ನೂ ಆಳಕ್ಕೆ ಹೋಯಿತು. ಭ್ರೂಣದ ಹೃದಯ ನಿಲ್ಲುವವರೆಗೆ ಕೈಹಾಕಬಾರದು ಎಂಬುದಕ್ಕೆ ಅತಿಯಾದ ಒತ್ತು, ತಾಯಿಯಲ್ಲಿ ಏರುತ್ತಿದ್ದ ಸೋಂಕಿನ ಮೇಲೆ ಕಡಿಮೆ ನಿಗಾ ಎಂದು ಅದು ಎರಡನ್ನೂ ಒಟ್ಟಿಗೆ ಇಟ್ಟು ನೋಡಿತು.

ನನ್ನ ಅಭಿಪ್ರಾಯವೂ ಅಲ್ಲೇ ನಿಲ್ಲುತ್ತದೆ. ಕಾನೂನು ಮತ್ತು ನಿರ್ಲಕ್ಷ್ಯವನ್ನು ಎರಡು ಬೇರೆ ಆರೋಪಿಗಳಂತೆ ನಿಲ್ಲಿಸಿ ಒಬ್ಬರನ್ನು ಆರಿಸು ಎಂದರೆ ಆಗುವುದಿಲ್ಲ. ಎಲ್ಲಿ ನೋಡಬೇಕು ಎಂಬುದನ್ನೂ ಕಾನೂನು ಕಲಿಸುತ್ತದೆ. ದಿನವೂ ಕೇಳಬೇಕಾದ ಮೊದಲ ಪ್ರಶ್ನೆ ‘ಕೂಸಿನ ಹೃದಯ ಬಡಿಯುತ್ತಿದೆಯೇ’ ಎಂಬುದಾದಾಗ ‘ತಾಯಿಯ ನಾಡಿ ಎಷ್ಟು’ ಎಂಬುದು ಎರಡನೆಯ ಸಾಲಿಗೆ ಹೋಗುತ್ತದೆ. 114 ಎಂದು ಬರೆದಿಟ್ಟರೂ ಅದು ಯಾರನ್ನೂ ಓಡಿಬರುವಂತೆ ಮಾಡುವುದಿಲ್ಲ. ಜೀವಾವಧಿ ಶಿಕ್ಷೆಯ ಕಾಯ್ದೆ ಬೆನ್ನ ಹಿಂದೆ ನಿಂತಿರುವಾಗ ಕಾಯುವುದೇ ಎಲ್ಲಕ್ಕಿಂತ ಸುರಕ್ಷಿತ ಎನ್ನಿಸುತ್ತದೆ. ಸುರಕ್ಷಿತ ಎಂದರೆ ವೈದ್ಯರಿಗೆ. ಮರಣ ವಿಚಾರಣಾಧಿಕಾರಿಯ ಮೊದಲ ಶಿಫಾರಸೇ ಇದನ್ನು ಹೇಳುತ್ತದೆ: ತಾಯಿಯ ಜೀವ ಉಳಿಸಲು ವೈದ್ಯರು ಯಾವಾಗ ಮಧ್ಯೆ ಬರಬಹುದು ಎಂಬುದನ್ನು ಐರಿಷ್ ಮೆಡಿಕಲ್ ಕೌನ್ಸಿಲ್ ಸ್ಪಷ್ಟವಾಗಿ ಬರೆದುಕೊಡಲಿ. ನಿಯಮ ಸ್ಪಷ್ಟವಾಗಿದ್ದಿದ್ದರೆ ಹೀಗೆ ಕೇಳುವ ಅಗತ್ಯವೇ ಇರಲಿಲ್ಲ.

ನೈತಿಕತೆಯ ಮಾತು ಬಂದಾಗ ಇನ್ನೊಂದನ್ನು ಮರೆಯುವಂತಿಲ್ಲ. ‘ಹುಟ್ಟದ ಜೀವವನ್ನು ಕಾಪಾಡಬೇಕು’ ಎನ್ನುವವರ ಕಳಕಳಿಯನ್ನು ನಾನು ಹಗುರ ಮಾಡುವುದಿಲ್ಲ, ನಮ್ಮ ಮನೆಯ ಹಿರಿಯರಲ್ಲೂ ಅದು ಇದೆ. ಆದರೆ ಗಾಲ್ವೇಯ ಆ ಕೋಣೆಯಲ್ಲಿ ಕಾಪಾಡಲು ಇದ್ದ ಜೀವ ಒಂದೇ. ಸಮಾನ ಹಕ್ಕಿನ ತಕ್ಕಡಿಯ ಒಂದು ತಟ್ಟೆಯಲ್ಲಿ ಬದುಕಲಾರದ ಭ್ರೂಣ, ಇನ್ನೊಂದರಲ್ಲಿ ಆ ಭ್ರೂಣವನ್ನೇ ಬಯಸಿ ಹೊತ್ತ ತಾಯಿ. ಸವಿತಾ ಮಗು ಬೇಡವೆಂದು ಬಂದವಳಲ್ಲ. ‘ಮಾಡಿಸಿಕೊಂಡವಳು’ ಎಂದರೆ ನಮ್ಮ ಕಣ್ಣ ಮುಂದೆ ಬರುವ ಹೆಣ್ಣೇ ಬೇರೆ, ಹಾಗಾಗಿ ಇವಳ ಬೇಡಿಕೆಗೆ ಹೊಂದುವ ಪದವೇ ಅಲ್ಲಿ ಯಾರ ಬಳಿಯೂ ಇರಲಿಲ್ಲ.

ಆಮೇಲೆ

2013ರ ಜುಲೈನಲ್ಲಿ ಐರ್ಲೆಂಡ್ ಅವಸರದಲ್ಲಿ ಒಂದು ಕಾಯ್ದೆ ಮಾಡಿತು. ಜೀವಕ್ಕೆ ಅಪಾಯವಿದ್ದಾಗ ಎಷ್ಟು ವೈದ್ಯರು ಸಹಿ ಹಾಕಬೇಕು ಎಂದು ಬರೆದದ್ದೇ ಅದರ ಮುಖ್ಯ ಸಾಧನೆ. ಆತ್ಮಹತ್ಯೆಯ ಅಪಾಯವಿದ್ದರೆ ಮೂವರು ಬೇಕು. ನಿಜವಾದ ಬದಲಾವಣೆಗೆ ಇನ್ನೂ ಐದು ವರ್ಷ ಹಿಡಿಯಿತು. ನಡುವೆ ಸರ್ಕಾರ ಅಧ್ಯಕ್ಷರನ್ನು ಬಿಟ್ಟು 99 ಮಂದಿ ಸಾಮಾನ್ಯ ನಾಗರಿಕರ ಸಭೆಯೊಂದನ್ನು ಕಟ್ಟಿ, ತಜ್ಞರನ್ನೂ ಎರಡೂ ಕಡೆಯವರನ್ನೂ ಕೂರಿಸಿ ತಿಂಗಳುಗಟ್ಟಲೆ ಮಾತಾಡಿಸಿತು. ಟಿವಿ ಚರ್ಚೆಗಳ ಗದ್ದಲ ಕೇಳಿ ಕೇಳಿ ಕಿವಿ ಕಿತ್ತುಹೋದ ನಮಗೆ ಇದೊಂದನ್ನಾದರೂ ಅವರಿಂದ ಎರವಲು ತರಬೇಕು ಅನ್ನಿಸುತ್ತದೆ.

2018ರ ಮೇ 25ರ ಜನಮತಗಣನೆಗೆ ಮುನ್ನ ಸವಿತಾರ ತಂದೆ ಅಂದಾನಪ್ಪ ಯಾಳಗಿ ಬೆಳಗಾವಿಯಿಂದಲೇ ಐರಿಷ್ ಮತದಾರರಿಗೆ ಮನವಿ ಮಾಡಿದರು. ನಮ್ಮ ಮಗಳಿಗಾದದ್ದು ಇನ್ನೊಬ್ಬರ ಮಗಳಿಗೆ ಆಗದಿರಲಿ, ಹೌದು ಎಂದು ಮತ ಹಾಕಿ ಎಂದರು. ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಗೋಡೆಯೊಂದರ ಮೇಲೆ ಬಿಡಿಸಿದ್ದ ಸವಿತಾರ ದೊಡ್ಡ ಚಿತ್ರದ ಸುತ್ತ ಜನ ಬಣ್ಣಬಣ್ಣದ ಚೀಟಿ ಅಂಟಿಸಿ ಹೋದರು. ಅನೇಕರು ಬರೆದದ್ದು ಕ್ಷಮೆಯ ಮಾತನ್ನು. ಎಂಟನೇ ತಿದ್ದುಪಡಿ ತೆಗೆಯಲು ಶೇಕಡಾ 66.4 ಮಂದಿ ಒಪ್ಪಿದರು. 35 ವರ್ಷದ ಹಿಂದೆ ಅದನ್ನು ತಂದಾಗ ಬಿದ್ದ ಮತಕ್ಕೂ ಇದಕ್ಕೂ ಅಂಕಿಯಲ್ಲಿ ಅರ್ಧ ಶೇಕಡಾ ವ್ಯತ್ಯಾಸ, ದಿಕ್ಕು ಮಾತ್ರ ತಿರುವುಮುರುವು. 2019ರ ಜನವರಿ 1ರಿಂದ ಅಲ್ಲಿ 12 ವಾರದವರೆಗೆ ಕಾರಣ ಹೇಳದೆಯೇ ಗರ್ಭಪಾತಕ್ಕೆ ಅವಕಾಶ, ಅದರಾಚೆಗೆ ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಸಂಭವವಿದ್ದರೆ ಅಥವಾ ಮಗು ಉಳಿಯಲಾರದ ಸ್ಥಿತಿಯಿದ್ದರೆ ಅವಕಾಶ. ಕಾನೂನಿಗೆ ಮಗಳ ಹೆಸರಿಡಿ ಎಂಬ ತಂದೆಯ ಆಸೆ ಮಾತ್ರ ಈಡೇರಲಿಲ್ಲ.

ಬೆಳಗಾವಿಯಲ್ಲೇ ಆಗಿದ್ದರೆ?

ಆಗಲೂ ಈಗಲೂ ಕೇಳುವ ಪ್ರಶ್ನೆ ಇದು. ಉತ್ತರ ಸುಲಭ: ಕಾನೂನು ಅಡ್ಡ ಬರುತ್ತಿರಲಿಲ್ಲ. 1971ರ ನಮ್ಮ ವೈದ್ಯಕೀಯ ಗರ್ಭಪಾತ ಕಾಯ್ದೆ ಜೀವದ ಜೊತೆಗೆ ದೈಹಿಕ, ಮಾನಸಿಕ ಆರೋಗ್ಯದ ಗಂಭೀರ ಹಾನಿಯನ್ನೂ ಕಾರಣವಾಗಿ ಒಪ್ಪುತ್ತದೆ. ಐರ್ಲೆಂಡಿನಲ್ಲಿ ಇಲ್ಲದೇ ಹೋದದ್ದು ಆ ‘ಆರೋಗ್ಯ’ ಎಂಬ ಒಂದು ಪದ. 2012ರಲ್ಲಿ 17 ವಾರಕ್ಕೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕಿತ್ತು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬರದು ಸಾಕು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರದು.

ಹಾಗೆಂದು ಬೀಗುವ ಹಾಗಿಲ್ಲ. ನಮ್ಮ ಕಾಯ್ದೆ ಹೆಣ್ಣಿಗೆ ಹಕ್ಕು ಕೊಟ್ಟದ್ದಲ್ಲ, ವೈದ್ಯರಿಗೆ ರಕ್ಷಣೆ ಕೊಟ್ಟದ್ದು. ಐದನೇ ವಾರವಾದರೂ ವೈದ್ಯರ ಅಭಿಪ್ರಾಯವಿಲ್ಲದೆ ನಡೆಯುವುದಿಲ್ಲ, ಆ ಲೆಕ್ಕದಲ್ಲಿ ಐರ್ಲೆಂಡ್ ನಮ್ಮನ್ನು ದಾಟಿ ಹೋಗಿದೆ. ಫಾರಂ ‘ಸಿ’ ಎಂಬ ಒಪ್ಪಿಗೆ ಪತ್ರದಲ್ಲಿ ವಯಸ್ಕ ಹೆಣ್ಣಿನದೊಂದೇ ಸಹಿ ಸಾಕು, ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ಆದರೂ ಕೌಂಟರಿನಲ್ಲಿ ‘ಯಜಮಾನ್ರು ಬಂದಿಲ್ವಾ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ನಮ್ಮ ಬವಣೆಯ ಇನ್ನೊಂದು ಮುಖ ಐರಿಷ್ ಚರ್ಚೆಯಲ್ಲಿ ಕಾಣದ್ದು. 2022ರ ಜೂನ್‌ನಲ್ಲಿ ಸವಿತಾರ ಜಿಲ್ಲೆಯದೇ ಮೂಡಲಗಿಯಲ್ಲಿ ಚರಂಡಿಯ ಬಳಿ ಡಬ್ಬಿಗಳಲ್ಲಿ ಏಳು ಭ್ರೂಣಗಳು ಸಿಕ್ಕವು. ಮರುವರ್ಷ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲ ಹೊರಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದರು. ಇಂಥದ್ದನ್ನು ತಡೆಯಲು ಕಟ್ಟುನಿಟ್ಟು ಬೇಕೇಬೇಕು. ಆದರೆ ಆ ಕಟ್ಟುನಿಟ್ಟಿನ ಭಯಕ್ಕೆ ಕಾನೂನುಬದ್ಧ ಗರ್ಭಪಾತಕ್ಕೂ ‘ನಮಗ್ಯಾಕೆ ಬೇಕು ರಗಳೆ’ ಎಂದು ಕೈತೊಳೆದುಕೊಳ್ಳುವ ವೈದ್ಯರಿದ್ದಾರೆ. ಗಾಲ್ವೇಯ ವಾರ್ಡಿನಲ್ಲಿ ಕೆಲಸ ಮಾಡಿದ್ದೂ ಇದೇ ಜಾತಿಯ ಭಯ.

ಆ ಹೃದಯಬಡಿತದ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿಗೂ ಬಂತು, 2023ರ ಅಕ್ಟೋಬರಿನಲ್ಲಿ. ಇಬ್ಬರು ಮಕ್ಕಳ ತಾಯಿ, ಹೆರಿಗೆಯ ನಂತರದ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದವರು, ಬಸಿರೆಂದು ತಡವಾಗಿ ತಿಳಿದು 26ನೇ ವಾರದಲ್ಲಿ ಅನುಮತಿ ಕೇಳಿದರು. ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಬಿ.ವಿ. ನಾಗರತ್ನ ಮೊದಲು ಒಪ್ಪಿದರು. ಭ್ರೂಣ ಬದುಕುವ ಸಾಧ್ಯತೆಯಿದೆ, ಹೃದಯ ನಿಲ್ಲಿಸಬೇಕೇ ಎಂದು ಏಮ್ಸ್‌ನ ವೈದ್ಯರು ಕೇಳಿದ ಮೇಲೆ ಪೀಠ ಒಡೆಯಿತು. ಹೃದಯಬಡಿತ ನಿಲ್ಲಿಸಿ ಎಂದು ಯಾವ ನ್ಯಾಯಾಲಯ ತಾನೇ ಹೇಳೀತು ಎಂದರು ಒಬ್ಬರು. ಆಕೆಯ ನಿರ್ಧಾರವನ್ನು ಗೌರವಿಸಬೇಕು ಎಂದು ಕರ್ನಾಟಕದವರಾದ ನಾಗರತ್ನ ತಮ್ಮ ಮೊದಲ ಆದೇಶಕ್ಕೇ ಅಂಟಿಕೊಂಡರು. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಸವಿತಾರದ್ದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಲಾರೆ, ಇಲ್ಲಿನ ಭ್ರೂಣ ಹೊರಗೆ ಬಂದರೂ ಬದುಕಬಹುದಾದದ್ದು. ಆದರೂ ಅನುಮತಿ ಕೊಟ್ಟ ಎರಡೇ ದಿನದಲ್ಲಿ ಮಾತು ತಾಯಿಯ ಮನಸ್ಸಿನ ಸ್ಥಿತಿಯಿಂದ ಜಾರಿ ಇನ್ನೊಂದು ಎದೆಯ ಬಡಿತಕ್ಕೆ ಬಂದು ನಿಂತದ್ದನ್ನು ಓದುವಾಗ, ನನಗೆ ಗಾಲ್ವೇಯ ಆ ಮಂಗಳವಾರದ ಬೆಳಗಿನ ರೌಂಡ್ಸ್ ನೆನಪಾಯಿತು.